ತಿಕೋಟಾದ ನೆತ್ತರಿನ ಬೆನ್ನು ಹತ್ತಿ ಟಾಂಪೆರೆಗೆ

ವಿಜಯಪುರ

ಜನ ಪರದೇಶಕ್ಕೆ ಮಗಳ ಬಾಣಂತನಕ್ಕೆ ಹೋಗುತ್ತಾರೆ, ಇಲ್ಲವೇ ಊರು ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಥರ್ಮಾಕೋಲ್ ಪೆಟ್ಟಿಗೆಯ ಬೆನ್ನು ಹತ್ತಿ. ಪೆಟ್ಟಿಗೆ ನನಗಿಂತ ವಾರ ಮೊದಲೇ, ಮೈತುಂಬ ಡ್ರೈ ಐಸ್ ತುಂಬಿಸಿಕೊಂಡು, ಕೊರಿಯರಿನವರ ಕೈಯಲ್ಲಿ ವಿಮಾನ ಹತ್ತಿತ್ತು. ಅದರ ಹಿಂದೆ ನಾನು, ಎರಡು ಸ್ವೆಟರಿನ ಮೇಲೊಂದು ಕೋಟು ಹಾಕಿಕೊಂಡು.

ಪೆಟ್ಟಿಗೆಯಲ್ಲಿ ಏನಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಓಣಿಯ ಹೆಂಗಸರ ಹಾಗೆ ನೀವೂ "ಬಂಗಾರ ಇತ್ತೇನ್ರೀ?" ಎಂದು ಕೇಳುತ್ತೀರಿ. ವಿಜಯಪುರದ ಒಂದು ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಟೆಕ್ನಿಶಿಯನ್. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ, ನಲವತ್ತು ದಾಟದ ಗಟ್ಟಿಮುಟ್ಟಾದ ಗಂಡಸರು ಹೊಲದಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಎದೆ ಹಿಡಿದುಕೊಂಡು ಕುಸಿದುಬಿಡುತ್ತಾರೆ. ಆ ಮನೆಗಳಲ್ಲಿ ಅಪ್ಪ ಹಾಗೇ ಹೋದ, ಕಾಕಾ ಹಾಗೇ ಹೋದ, ಈಗ ಅಣ್ಣ. ರಕ್ತದಲ್ಲಿ ಕೊಬ್ಬು ಏರಿಸುವ ಒಂದು ದೋಷ ಹುಟ್ಟುತ್ತಲೇ ಕೆಲವರಿಗೆ ಮನೆತನದಿಂದ ಬಂದಿರುತ್ತದೆ. ಯಾರಿಗೆ ಬಂದಿದೆ ಎಂದು ಮೊದಲೇ ತಿಳಿದರೆ ದಿನಕ್ಕೊಂದು ಮಾತ್ರೆ ಕೊಟ್ಟು ಕಾಯಬಹುದು. ಕೊಬ್ಬು ಎಷ್ಟಿದೆ ಎಂದು ನಮ್ಮ ಲ್ಯಾಬೇ ಹೇಳುತ್ತದೆ. ಅದು ಹೆತ್ತವರಿಂದ ಬಂದದ್ದೋ ಅಲ್ಲವೋ ಎಂದು ಜೀನಿನೊಳಗೆ ಇಣುಕಿ ನೋಡುವ ಯಂತ್ರ ಮಾತ್ರ ನಮ್ಮಲ್ಲಿಲ್ಲ.

ಅದಕ್ಕಾಗಿ ಮೂರು ವರ್ಷ ತಿಕೋಟಾ, ಬಬಲೇಶ್ವರ, ಮಮದಾಪುರ, ಇಟ್ಟಂಗಿಹಾಳ ಎಂದು ಮನೆಮನೆ ತಿರುಗಿದೆವು. ನಾನು ಬಾಗಿಲಿಗೆ ಬಂದರೆ ಮಕ್ಕಳು ಹಿತ್ತಲ ಗೋಡೆ ಹಾರುತ್ತಿದ್ದವು. ಇನ್ನೂರ ಎಂಬತ್ತೆಂಟು ಮಂದಿಯ ರಕ್ತದಿಂದ ಡಿಎನ್‌ಎ ತೆಗೆದು, ತೊಂಬತ್ತಾರು ಗುಳಿಗಳ ಮೂರು ಪ್ಲಾಸ್ಟಿಕ್ ತಟ್ಟೆಗಳಲ್ಲಿ ತುಂಬಿಸಿದೆವು. ಹೆಸರಿನ ರಿಜಿಸ್ಟರು ಕಾಲೇಜಿನ ಕಪಾಟಿನಲ್ಲಿ, ಬೀಗದೊಳಗೆ. ತಟ್ಟೆಯ ಜೊತೆ ಹೋಗುವುದು ಬರೀ ನಂಬರು, ಆ ನಂಬರುಗಳೆಲ್ಲ ನನ್ನ ಕೈಬರಹದವು. ಪ್ರತಿ ಮನೆಯಲ್ಲೂ ಒಂದೇ ಮಾತು ಕೊಟ್ಟಿದ್ದೆ: "ನಿಮ್ಮ ರಿಪೋರ್ಟು ನಾನ ತಂದು ನಿಮ್ಮ ಕೈಯಾಗ ಕೊಡತೇನಿ."

ಹೋಗಬೇಕಾಗಿದ್ದವರು ನಮ್ಮ ವಿಭಾಗದ ಮುಖ್ಯಸ್ಥೆ, ನಮ್ಮ ಮೇಡಂ. ಅವರು ಕನ್ನಡಕ ಒರೆಸುತ್ತಾ, "ಸುಮಿತ್ರಾ, ನೀವ ಹೋಗ್ರಿ. ನಾ ಹೋಗಿ ಏನ್ ಮಾಡ್ಲಿ? ಆ ಟ್ಯೂಬು ನಿಮ್ಮ ಮಾತು ಕೇಳತಾವು, ನನ್ನ ಮಾತಲ್ಲ" ಎಂದರು. ಆಮೇಲೆ ದನಿ ಇಳಿಸಿ, "ಒಂದ್ ಮಾತು ನೆನಪಿಡ್ರಿ. ದೊಡ್ಡ ಪರೀಕ್ಷಾಕ್ಕ ಹಾಕೋ ಮೊದಲ ಅವರು ಒಂದು ಸಣ್ಣ ತಪಾಸಣಿ ಮಾಡತಾರ. ಒಂದ ಒಂದು ಗುಳಿ ಅದಲಬದಲ ಆಗಿದ್ದು ಕಂಡ್ರೂ ಪೂರಾ ಪೆಟಿಗಿ ವಾಪಸ್. ಮತ್ತ ನಮ್ಮ ಪಾಳಿ ಎಂದ ಬರತೈತೋ ಯಾರಿಗೆ ಗೊತ್ತು" ಎಂದರು.

"ಅದಲಬದಲ? ನನ್ನ ಕೈಯಾಗ?" ಎಂದು ನಾನು ನಕ್ಕುಬಿಟ್ಟೆ. ಆ ನಗು ಎಷ್ಟು ದುಬಾರಿಯಾಯಿತು ಎಂದು ಆಮೇಲೆ ತಿಳಿಯಿತು.

ಹೆಲ್ಸಿಂಕಿ ವಿಮಾನ ನಿಲ್ದಾಣ

ಫಿನ್ಲೆಂಡಿನವರು ಮಾತಾಡುವುದಿಲ್ಲ ಎಂದು ಕೇಳಿದ್ದೆ. ಕಸ್ಟಮ್ಸಿನವನನ್ನು ನೋಡಿದಾಗ ನಂಬಿಕೆ ಬಂತು. ಆರಡಿ ಎತ್ತರದ ಆಸಾಮಿ ನನ್ನ ಚೀಲ ತೆರೆದು ಒಂದೊಂದನ್ನೇ ಹೊರಗಿಟ್ಟ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಿಕೋಟಾದ ಒಣದ್ರಾಕ್ಷಿ. ಮೂವತ್ತು ಖಡಕ್ ರೊಟ್ಟಿಗಳ ಕಟ್ಟು. ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಟಣ್ ಎಂದಿತು. ತಲೆಯಾಡಿಸಿ ಒಳಗಿಟ್ಟ.

ಕೊನೆಗೆ ಸಿಕ್ಕಿದ್ದು ಅವ್ವ ಕಾಸಿಕೊಟ್ಟ ಎಮ್ಮೆ ತುಪ್ಪದ ಡಬ್ಬಿ. ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ ಎಂದು ಗೋಡೆಯ ಮೇಲಿನ ಚಿತ್ರ ತೋರಿಸಿದ. ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಹಾರಿಹೋಗುತ್ತದೆ. "ಎಮ್ಮಿ ತುಪ್ಪ ಐತೋ ಯಪ್ಪಾ, ವಿಷ ಅಲ್ಲ!" ಎಂದೆ. ಅವನು ಕಸದ ಡಬ್ಬಿಯ ಕಡೆ ನೋಡಿದ. ನಾನು ತುಪ್ಪದ ಕಡೆ ನೋಡಿದೆ. ಅವ್ವ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ, "ಅಲ್ಲಿ ಥಂಡಿ ಭಾಳ, ದಿನಾ ಒಂದ್ ಚಮಚಾ ಹಾಕ್ಕೊ ಬೇ" ಎಂದು ಕೈಯಲ್ಲಿಟ್ಟ ಡಬ್ಬಿ ಅದು. ಅಲ್ಲೇ, ಆ ಮೇಜಿನ ಮುಂದೆಯೇ, ಒಂದು ರೊಟ್ಟಿ ತೆಗೆದು ಮೇಲೆ ಬೆರಳ ದಪ್ಪ ತುಪ್ಪ ಹಚ್ಚಿ, ನಿಂತಲ್ಲೇ ಕರುಂ ಕುರುಂ ಎಂದು ತಿಂದೆ. ಹಿಂದೆ ಸಾಲಿನಲ್ಲಿದ್ದವರು ಒಬ್ಬರೂ ಉಸಿರೆತ್ತಲಿಲ್ಲ. ನಮ್ಮ ಕಡೆ ಆಗಿದ್ದರೆ ಇಷ್ಟರಲ್ಲಿ ನಾಲ್ಕು ಜನ ಕಸ್ಟಮ್ಸಿನವನ ಪರ, ಆರು ಜನ ನನ್ನ ಪರ ಆಗಿರುತ್ತಿದ್ದರು. ಅವನಿಗೂ ಒಂದು ಚೂರು ಚಾಚಿದೆ. ಡ್ಯೂಟಿಯಲ್ಲಿದ್ದೇನೆ ಎಂದು ಎದೆಯ ಬಿಲ್ಲೆ ಮುಟ್ಟಿ ತೋರಿಸಿದ, ಆದರೆ ಕಣ್ಣು ನಕ್ಕವು.

ಟಾಂಪೆರೆ, ಸೋಮವಾರ

ಟಾಂಪೆರೆ ಎರಡು ದೊಡ್ಡ ಕೆರೆಗಳ ನಡುವಿನ ಊರು. ಕೆಂಪಿಟ್ಟಿಗೆಯ ಹಳೇ ಗಿರಣಿಗಳು, ನಡುವೆ ಧುಮುಕುವ ಹೊಳೆ. ಮಾರ್ಚ್ ತಿಂಗಳು. ವಿಜಯಪುರದಲ್ಲಿ ಆಗಲೇ ಫ್ಯಾನಿನ ಗಾಳಿ ಸುಡಲು ಶುರುವಾಗಿತ್ತು. ಇಲ್ಲಿ ಕೆರೆ ಕಲ್ಲಾಗಿ ಕೂತಿತ್ತು, ಜನ ಅದರ ಮೇಲೆ ನಾಯಿ ಹಿಡಿದುಕೊಂಡು ವಾಯುವಿಹಾರ ಮಾಡುತ್ತಿದ್ದರು. ಬೇಸಿಗೆಯಲ್ಲಿ ಮಮದಾಪುರದ ಕೆರೆ ಬತ್ತಿದಾಗ ನಾವೂ ಅದರ ನಟ್ಟನಡುವೆ ನಡೆಯುತ್ತೇವೆ. ಆದರೆ ಅಲ್ಲಿ ಕಾಲ ಕೆಳಗೆ ನೀರಿಲ್ಲ ಎಂಬ ಧೈರ್ಯವಿರುತ್ತದೆ.

ಟ್ರಾಮಿನಲ್ಲಿ ಒಬ್ಬ ಅಜ್ಜಿಯ ಪಕ್ಕದ ಸೀಟು ಖಾಲಿ ಇತ್ತು, ಹೋಗಿ ಕೂತೆ. ಕೂತ ಮೇಲೆ ನೋಡಿದರೆ ಇಡೀ ಟ್ರಾಮಿನಲ್ಲಿ ಇಬ್ಬಿಬ್ಬರ ಸೀಟಿನಲ್ಲಿ ಒಬ್ಬೊಬ್ಬರೇ. ಇಷ್ಟೆಲ್ಲ ಖಾಲಿ ಸೀಟು ಬಿಟ್ಟು ನಾನು ಆಕೆಗೆ ಅಂಟಿಕೊಂಡಿದ್ದೆ. ಏಳುವುದು ಇನ್ನೂ ಅವಮಾನ. "ನಿಮ್ಮ ಊರು ಇದೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿ ಮೂರು ನಿಲ್ದಾಣ ಯೋಚಿಸಿ "ಹೌದು" ಎಂದು ಹೇಳಿ ಇಳಿದುಹೋದರು.

ಲ್ಯಾಬಿನಲ್ಲಿ ನನ್ನನ್ನು ಎದುರುಗೊಂಡವರು ಐಲಾ. ಅರವತ್ತರ ಹತ್ತಿರದ ಟೆಕ್ನಿಶಿಯನ್, ಬೆಳ್ಳಿ ಕೂದಲು, ಸಣ್ಣ ದನಿ. ಅವರೊಂದಿಗೆ ಲ್ಯಾಬಿನ ಮುಖ್ಯಸ್ಥ ಯುಹಾ. ಮುಖ್ಯಸ್ಥ ಎಂದು ನನಗೆ ತಿಳಿದದ್ದು ಸಂಜೆಗೆ, ಯಾಕೆಂದರೆ ಬೆಳಿಗ್ಗೆ ನಾನು ಕಂಡಾಗ ಅವನು ಕಸದ ಚೀಲ ಹೊತ್ತು ಹೊರಗೆ ಹೋಗುತ್ತಿದ್ದ. "ಇಲ್ಲಿ ಪಿವನ್ ಇಲ್ಲವೇ?" ಎಂದೆ. ಐಲಾ ನನ್ನ ಪ್ರಶ್ನೆ ಅರ್ಥವಾಗದೆ ಕಣ್ಣು ಬಿಟ್ಟರು. ನಮ್ಮ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದು ಅಳೆದು ತೂಗಿದ್ದು, ನನ್ನದು ವಿಜಯಪುರದ್ದು.

ಆ ಲ್ಯಾಬು ಯಾರೊಬ್ಬರದೂ ಅಲ್ಲ. ಹೃದಯದವರು, ಮೂತ್ರಪಿಂಡದವರು, ಮಕ್ಕಳ ಕಾಯಿಲೆಯವರು, ನನ್ನಂಥ ದೂರದೇಶದವರು, ಎಲ್ಲರಿಗೂ ಸೇರಿ ಒಂದೇ ಕಡೆ ಯಂತ್ರಗಳು. ಒಂದು ಕೋಣೆಯಲ್ಲಿ ಸಕ್ಕರೆ, ಕೊಬ್ಬು ಅಳೆಯುವವು, ಇನ್ನೊಂದರಲ್ಲಿ ಜೀನು ಓದುವವು. ಯಾರು ಯಾವಾಗ ಎಂದು ಗೋಡೆಯ ಪರದೆಯ ಮೇಲೆ ಪಾಳಿ. ಅವ್ವನಿಗೆ ಫೋನಿನಲ್ಲಿ ಹೇಳಿದೆ, "ನಮ್ಮ ಹಿಟ್ಟಿನ ಗಿರಣಿ ಇದ್ಧಂಗ ನೋಡ ಬೇ. ಜ್ವಾಳ ನಿಂದು, ಗಿರಣಿ ಎಲ್ಲಾರ್ದು." ಅವ್ವ ತಟ್ಟನೆ ಕೇಳಿದಳು, "ಮೊದಲ ಬೀಸಿದವರ ಹಿಟ್ಟು ನಮ್ಮದರಾಗ ಕೂಡತೈತಲ್ಲ, ಅದಕ್ಕ ಏನ್ ಮಾಡತಾರ?" ಇದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಅವರು ಆ ಸಣ್ಣ ತಪಾಸಣೆ ಮಾಡುವುದು. ಎರಡು ಗುಳಿ ಒಂದಕ್ಕೊಂದು ಬೆರೆತಿಲ್ಲ, ಗಂಡಸಿನ ನಂಬರಿನಲ್ಲಿ ಹೆಂಗಸಿಲ್ಲ ಎಂದು ಖಾತ್ರಿಯಾದ ಮೇಲೆಯೇ ದೊಡ್ಡ ಯಂತ್ರದ ಬಾಗಿಲು ತೆರೆಯುವುದು.

ನನ್ನ ಪೆಟ್ಟಿಗೆ ಶೀತಲ ಕಪಾಟಿನಲ್ಲಿ ಭದ್ರವಾಗಿತ್ತು. ಗುರುತಿನ ಅಕ್ಷರ ಕಂಡು ಜೀವ ತಣ್ಣಗಾಯಿತು. ನಮ್ಮ ಪಾಳಿ ಶುಕ್ರವಾರ ಮಧ್ಯಾಹ್ನಕ್ಕೆ ಎಂದು ಪರದೆಯಲ್ಲಿ ಬರೆದಿತ್ತು.

ಮಂಗಳವಾರ

ಮಂಗಳವಾರ ಐಲಾ ನನ್ನನ್ನು ಸಂತೆಗೆ ಕರೆದುಕೊಂಡು ಹೋದರು. ಆ ಊರಿನ ಹೆಮ್ಮೆಯ ತಿಂಡಿ ಒಂದಿದೆ, ಕಪ್ಪು ಸಾಸೇಜು. ಪ್ರಾಣಿಯ ರಕ್ತಕ್ಕೆ ಧಾನ್ಯದ ಹಿಟ್ಟು ಕೂಡಿಸಿ ಮಾಡುತ್ತಾರೆ, ಜೊತೆಗೆ ಹುಳಿಸಿಹಿ ಕೆಂಪು ಹಣ್ಣಿನ ಜಾಮು. ಕೊಡುವ ಮೊದಲು ಐಲಾ ತುಂಬ ಹೊತ್ತು ಹಿಂದೆ ಮುಂದೆ ನೋಡಿ, "ಇದರಲ್ಲಿ ರಕ್ತ ಇದೆ, ನಿಮಗೆ ಬೇಸರವಾಗಬಹುದು" ಎಂದರು. ಪಾಪ, ಭಾರತದವರೆಲ್ಲ ಸೊಪ್ಪು ತಿನ್ನುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ನಮ್ಮ ಮನೆಯಲ್ಲಿ ಆಡು ಕೊಯ್ದ ದಿನ ಅವ್ವ ಉಳ್ಳಾಗಡ್ಡಿ ಹಾಕಿ ನೆತ್ತರು ಹುರಿಯುವ ವಾಸನೆಗೆ ನಾನು ಶಾಲೆಯಿಂದ ಓಡಿಬರುತ್ತಿದ್ದವಳು. ಒಂದು ಮುಗಿಸಿ ಇನ್ನೊಂದು ಕೇಳಿದೆ. ಖಾರ ಇಲ್ಲದ್ದೊಂದೇ ಕೊರತೆ, ಅದಕ್ಕೆ ಪರ್ಸಿನಲ್ಲಿದ್ದ ಹಿಂಡಿ ಉದುರಿಸಿಕೊಂಡೆ. ಐಲಾರಿಗೂ ಉದುರಿಸಿದೆ. ಅವರ ಕಣ್ಣಲ್ಲಿ ನೀರು ಬಂತು, ಆದರೆ ಬಿಡದೆ ತಿಂದರು.

ಮಧ್ಯಾಹ್ನ ಅವರ ಮನೆಯಲ್ಲಿ ಸೌನಾ. ಮರದ ಸಣ್ಣ ಕೋಣೆ, ಕಾದ ಕಲ್ಲು, ಹಬೆ. ಹೆಂಗಸರೆಲ್ಲ ಬಟ್ಟೆ ಬಿಚ್ಚಿ ಕೂರುವ ಪದ್ಧತಿ. ನಾನು ಹೂವಿನ ಚಿತ್ರದ ಮ್ಯಾಕ್ಸಿ ಹಾಕಿಕೊಂಡೇ ಒಳಗೆ ಹೋಗಿ ಮೇಲಿನ ಹಲಗೆ ಹಿಡಿದೆ. ಐಲಾ ಹುಬ್ಬು ಕೂಡ ಎತ್ತಲಿಲ್ಲ. ಹೊಸಬರು ಐದು ನಿಮಿಷಕ್ಕೇ ಹೊರಗೆ ಓಡುತ್ತಾರಂತೆ. ನಾನು ಅರ್ಧ ಗಂಟೆ ಕೂತು, "ನಮ್ಮೂರಿನಲ್ಲಿ ಮೇ ತಿಂಗಳು ಇಡೀ ಊರೇ ಹೀಗಿರುತ್ತದೆ, ಕಟ್ಟಿಗೆಯ ಖರ್ಚೂ ಇಲ್ಲ" ಎಂದೆ. ಐಲಾ ಮೊದಲ ಸಲ ದನಿ ಎತ್ತಿ ನಕ್ಕರು. ಇಷ್ಟು ದೂರ ಬಂದು ಒಬ್ಬ ಗೆಳತಿ ಸಿಕ್ಕಳು ಎಂದು ನನಗೆ ಅನಿಸಿದ್ದು ಆಗ.

ಬುಧವಾರ

ಎರಡು ಗಂಟೆಗೆ ಅಲ್ಲಿ ಕಾಫಿ. ಭೂಕಂಪವಾದರೂ ಕಾಫಿ. ಏಲಕ್ಕಿ ಹಾಕಿದ ಬನ್ನು ಅವರದು, ಒಣದ್ರಾಕ್ಷಿ ನಮ್ಮ ತಿಕೋಟಾದ್ದು. ಕಪ್ಪು ತೊಳೆದಿಡುವಾಗ ಯುಹಾ ಬಂದು "ಸ್ವಲ್ಪ ಬರುತ್ತೀರಾ" ಎಂದ.

ಕಂಪ್ಯೂಟರಿನಲ್ಲಿ ಇನ್ನೂರ ಎಂಬತ್ತಾರು ಹಸಿರು ಚುಕ್ಕೆ, ಎರಡು ಕೆಂಪು. ನಲವತ್ತೊಂದು ಮತ್ತು ಇನ್ನೂರಾ ಮೂರು. "ಈ ಎರಡು ಗುಳಿಯಲ್ಲಿರುವುದು ಒಬ್ಬರೇ ವ್ಯಕ್ತಿ" ಎಂದ.

ಅಲ್ಲೇ ನಿಂತು ವಿಜಯಪುರಕ್ಕೆ ಫೋನು ಹಚ್ಚಿದೆ. ರಿಜಿಸ್ಟರಿನ ಬೀಗದ ಕೈ ಇರುವುದು ನನ್ನ ಜೊತೆ ಕೆಲಸ ಮಾಡುವ ಶ್ರೀಶೈಲನ ಹತ್ತಿರ. ಅವನು ಓದಿದ: "ನಲವತ್ತೊಂದು, ಸವಿತಾ, ಮೂವತ್ನಾಕು ವರ್ಷ, ತಿಕೋಟಾ, ಮನಿ ಸೊಸಿ. ಇನ್ನೂರಾ ಮೂರು, ರೇಣುಕಾ, ಮೂವತ್ತೊಂದು, ಮಮದಾಪುರ, ಮನಿ ಮಗಳು. ಯಾಕ್ರಿ ಅಕ್ಕಾರ, ಏನಾತು?"

"ಏನಿಲ್ಲ ತಮ್ಮಾ, ಚಾ ಕುಡಿ ನೀ" ಎಂದು ಫೋನು ಇಟ್ಟೆ.

ಹೆಸರು ಹೇಳದೆ, ಊರು ಬೇರೆ, ಹೆಸರು ಬೇರೆ, ವಯಸ್ಸು ಬೇರೆ ಎಂದು ಯುಹಾನಿಗೆ ಹೇಳಿದೆ. ಅವನು ನೆಲ ನೋಡುತ್ತಾ, ಒಂದೊಂದೇ ಮಾತು ಆರಿಸಿ ಕೇಳಿದ: "ಯಾರಾದರೂ ಒಬ್ಬರ ರಕ್ತವನ್ನೇ ಎರಡು ಟ್ಯೂಬಿಗೆ ಹಾಕಿರಬಹುದೇ? ಸಂಖ್ಯೆ ತುಂಬಿಸಲು? ಬೇರೆ ಕಡೆಗಳಲ್ಲಿ ಹಾಗೆ ಆಗಿದ್ದುಂಟು."

ಮೈಯೆಲ್ಲ ಉರಿದುಹೋಯಿತು. "ಏನಂದಿ?" ಎಂದು ಕನ್ನಡದಲ್ಲೇ ಕೂಗಿದೆ. ಆ ಕಟ್ಟಡದಲ್ಲಿ ಅಷ್ಟು ದೊಡ್ಡ ದನಿ ಯಾರೂ ಕೇಳಿರಲಿಕ್ಕಿಲ್ಲ, ಮೂರು ಬಾಗಿಲು ತೆರೆದವು. ಇಪ್ಪತ್ತೆರಡು ವರ್ಷ ಸುಳ್ಳು ಹೇಳದೆ, ಕದಿಯದೆ, ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಹೆಸರು ಬರೆಯದೆ ಕಳೆದವಳು ನಾನು. ಯುಹಾನ ಮುಖ ಕೆಂಪಾಯಿತು. ಆದರೂ ನಿಯಮ ಹೇಳಿದ. ಶುಕ್ರವಾರ ಹನ್ನೆರಡರೊಳಗೆ ಕಾರಣ ಸಿಗದಿದ್ದರೆ ಪಾಳಿ ಮುಂದಿನವರಿಗೆ, ಪೆಟ್ಟಿಗೆ ವಿಜಯಪುರಕ್ಕೆ. ಕಾರಣ ಸಿಕ್ಕರೂ ಆ ಎರಡು ಗುಳಿ ಯಾರವು ಎಂದು ಖಚಿತವಾಗದಿದ್ದರೆ ಎರಡನ್ನೂ ಬಿಸಾಡಿ ಉಳಿದದ್ದನ್ನು ಹಾಕುವುದು.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇನ್ನೂರ ಎಂಬತ್ತೆಂಟು ಮಂದಿಯ ಮನೆಗಳ ಜಗಲಿಗಳು ಕಣ್ಣ ಮುಂದೆ ಬಂದವು. "ಎಲ್ಲಿ ಅಕ್ಕಾರ, ನಮ್ಮ ರಿಪೋರ್ಟು?" ಎಂದು ಅವರು ಕೇಳಿದರೆ ಏನು ಹೇಳಲಿ? ಹೊರಗೆ ಬಂದಾಗ ಐಲಾ ಎರಡು ಕಪ್ಪು ಕಾಫಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಒಂದು ನನಗೆ ಕೊಟ್ಟರು. ಕಾಲು ಗಂಟೆ ಪಕ್ಕದಲ್ಲಿ ಕೂತರು, ಒಂದು ಮಾತಿಲ್ಲ. ನಮ್ಮ ಕಡೆ ಅಳುವವರ ಸುತ್ತ ಹತ್ತು ಜನ ಕೂಡಿ ಇಪ್ಪತ್ತು ಮಾತು ಹೇಳುತ್ತಾರೆ, ಅದೂ ಪ್ರೀತಿಯೇ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಮಾತ್ರ ಐಲಾರ ಸುಮ್ಮನಿರುವಿಕೆ.

ಗುರುವಾರ

ಬೆಳಿಗ್ಗೆ ಟ್ರಾಮಿನಲ್ಲಿ ಕೂತಾಗ ಹೊಳೆಯಿತು. ನಮ್ಮ ಹಳ್ಳಿಗಳಲ್ಲಿ ವಯಸ್ಸು ಎಂದರೆ ಅಂದಾಜು. ಮೂವತ್ತೊಂದೂ ಮೂವತ್ತನಾಲ್ಕೂ ಒಂದೇ ಇರಬಹುದು. ಸವಿತಾ, ರೇಣುಕಾ ಅವಳಿ ಅಕ್ಕತಂಗಿಯರಾಗಿದ್ದರೆ? ಒಬ್ಬಳನ್ನು ತಿಕೋಟಾಕ್ಕೆ ಕೊಟ್ಟು, ಒಬ್ಬಳು ತವರಲ್ಲೇ ಉಳಿದಿದ್ದರೆ? ತದ್ರೂಪ ಅವಳಿಗಳ ಡಿಎನ್‌ಎ ಒಂದೇ ಇರುತ್ತದೆ. ಟ್ರಾಮು ಇಳಿದು, ಹಿಮದಲ್ಲಿ ನಿಂತೇ ತಿಕೋಟಾದ ಆಶಾ ಕಾರ್ಯಕರ್ತೆ ಮಲ್ಲಮ್ಮನಿಗೆ ಫೋನು ಮಾಡಿದೆ. ಅಲ್ಲಿ ಊಟದ ಹೊತ್ತು.

"ಮಲ್ಲಮ್ಮ, ದ್ರಾಕ್ಷಿ ಶೆಡ್ಡಿಗೆ ಹೋಗೋ ಸವಿತಾ ಅದಾಳಲ್ಲ, ಆಕಿ ತವರಮನಿ ಯಾವೂರು?"

"ಮಮದಾಪುರ ಅಲ್ಲೇನ್ರಿ ಅಕ್ಕಾರ. ಯಾಕ್ರಿ?"

ಫೋನನ್ನು ಕಿವಿಗೆ ಒತ್ತಿಕೊಂಡೆ. "ಆಕಿಗೆ ರೇಣುಕಾ ಅಂತ ಜೋಡಿ ಹುಟ್ಟಿದಾಕಿ ಯಾರರ ಅದಾಳೇನು?"

ಮಲ್ಲಮ್ಮ ಹೋ ಎಂದು ನಕ್ಕಳು. "ಅಯ್ಯ ನಿಮ್ಮ! ಆಕೀನ ರೇಣುಕಾ ಅಲ್ಲೇನ್ರಿ? ಆಕಿ ಅತ್ತಿ ಹೆಸರೂ ರೇಣುಕಾ. ಸೊಸಿನ್ನ ಅತ್ತಿ ಹೆಸರಲೆ ಹೆಂಗ ಕರೀತಾರ? ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಗಂಡ ಉಂಗುರಲೆ ಸವಿತಾ ಅಂತ ಬರದ. ಅಂದಿಂದ ಇಲ್ಲಿ ಸವಿತಾ, ಅಲ್ಲಿ ರೇಣುಕಾ."

ಹಿಮದ ಮೇಲೆ ಹಾಗೇ ಕೂತುಬಿಟ್ಟೆ. ನಾನು ಎಂಥ ದಡ್ಡಿ! ನಮ್ಮವ್ವನಿಗೇ ಎರಡು ಹೆಸರು. ಮದುವೆಯಲ್ಲಿ ಹೆಸರು ಬದಲಿಸುವುದು ನಮ್ಮ ಕಡೆ ಎಷ್ಟು ಮಾಮೂಲು ಎಂದರೆ, ಕಣ್ಣೆದುರೇ ಇದ್ದರೂ ನನಗೆ ಕಂಡಿರಲಿಲ್ಲ. ನನ್ನ ಮದುವೆಯ ಹೊತ್ತಿಗೆ ನನಗೆ ಆಗಲೇ ನೌಕರಿ ಇತ್ತು, ಮಾರ್ಕ್ಸ್ ಕಾರ್ಡಿನ ಹೆಸರು ಬದಲಿಸುವುದು ರಗಳೆ ಎಂದು ಗಂಡನ ಮನೆಯವರು ಬಿಟ್ಟಿದ್ದರು. ಅದಕ್ಕೇ ಎಲ್ಲರಿಗೂ ಒಂದೇ ಹೆಸರು ಎಂಬಂತೆ ಫಾರ್ಮು ತುಂಬಿಸುತ್ತಾ ಹೋಗಿದ್ದೆ.

ಮಲ್ಲಮ್ಮ ಶೆಡ್ಡಿಗೆ ನಡೆದುಹೋಗಿ ಫೋನನ್ನು ಸವಿತಾಳ ಕೈಗೆ ಕೊಟ್ಟಳು. ಹಿಂದೆ ದ್ರಾಕ್ಷಿ ಆರಿಸುವ ಹೆಂಗಸರ ಗದ್ದಲ.

"ಸವಿತಾ, ನೀ ಮಮದಾಪುರದಾಗೂ ರಕ್ತ ಕೊಟ್ಟಿದ್ದೇನವ್ವಾ?"

"ಹೌದ್ರಿ ಅಕ್ಕಾರ. ಪಂಚಮಿಗೆ ಹೋಗಿದ್ನಿರಿ. ನಿಮ್ಮ ಮಂದಿ ಬಂದಿದ್ರು." ಆ ವಾರ ನಾನು ಅವ್ವನ ಕಣ್ಣಿನ ಆಪರೇಷನ್ನಿಗೆ ರಜೆಯಲ್ಲಿದ್ದೆ. ಹೋದವನು ಶ್ರೀಶೈಲ. "ನಮ್ಮವ್ವ, ಸತ್ತ ಅಪ್ಪನ ಮಕ್ಕಳೆಲ್ಲಾ ಕೊಡ್ರಿ ಅಂದ್ಳು. ನಾನೂ ಅಪ್ಪನ ಮಗಳ ಅಲ್ಲೇನ್ರಿ?"

"ತಿಕೋಟಾದಾಗ ಕೊಟ್ಟೇನಿ ಅಂತ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ. ಇಲ್ಲಿ ಸೊಸಿ ಅಂತ ಕೊಟ್ನಿ, ಅಲ್ಲಿ ಮಗಳು ಅಂತ ಕೊಟ್ನಿ. ಅದು ಬ್ಯಾರೆ ಇದು ಬ್ಯಾರೆ ಅನ್ಕೊಂಡಿದ್ನಿ. ತಪ್ಪಾತೇನ್ರಿ?"

"ಇಲ್ಲವ್ವಾ" ಎಂದೆ. "ನಿಂದೇನೂ ತಪ್ಪಿಲ್ಲ."

ಶುಕ್ರವಾರ

ಹೇಳುವುದು ಸುಲಭವಾಗಲಿಲ್ಲ. ಮದುವೆಯಾದರೆ ಮನೆತನದ ಹೆಸರು ಬದಲಾಗುವುದು ಅವರಿಗೂ ಗೊತ್ತು, ಐಲಾರದೇ ಎರಡು ಸಲ ಬದಲಾಗಿತ್ತಂತೆ. ಆದರೆ ಮೊದಲ ಹೆಸರೇ? ತೊಟ್ಟಿಲಲ್ಲಿ ಇಟ್ಟ ಹೆಸರೇ? ಐಲಾ ಪೆನ್ನು ಕೆಳಗಿಟ್ಟರು. "ಆಕೆಯ ಅಮ್ಮ ಆಕೆಯನ್ನು ಏನೆಂದು ಕರೆಯುತ್ತಾರೆ?" ಎಂದು ಕೇಳಿದರು. ಹಳೆಯ ಹೆಸರಿನಿಂದಲೇ ಎಂದೆ. "ಸದ್ಯ" ಎಂದರು.

ಯುಹಾನಿಗೆ ಬಾಯಿಮಾತು ಸಾಲದು. ಗುಳಿ ತುಂಬಿಸುವಾಗ ಕೈತಪ್ಪಿಲ್ಲ ಎನ್ನುವುದಕ್ಕೆ ಆಧಾರ ಬೇಕು. ಆಗ ನೆನಪಾದದ್ದು ನಮ್ಮ ಲ್ಯಾಬಿನ ಹಳೇ ಪರೀಕ್ಷೆ. ರಕ್ತ ತೆಗೆದ ದಿನವೇ, ಡಿಎನ್‌ಎ ಮುಟ್ಟುವುದಕ್ಕೂ ಮೊದಲೇ, ನಾವು ಪ್ರತಿಯೊಬ್ಬರ ಕೊಬ್ಬು ಮತ್ತು ರಕ್ತದ ಗುಂಪು ನೋಡಿಡುತ್ತಿದ್ದೆವು. ಶ್ರೀಶೈಲ ಹೆಸರು ಮುಚ್ಚಿ ಎರಡೂ ಹಾಳೆಗಳ ಫೋಟೋ ಕಳಿಸಿದ. ಆರು ತಿಂಗಳ ಅಂತರದ ಎರಡು ದಿನ, ಒಂದೇ ಗುಂಪು, ಎರಡೂ ಸಲ ಕೊಬ್ಬು ಹೌಹಾರುವಷ್ಟು ಮೇಲೆ. ತಿಕೋಟಾದ ಹಾಳೆಯ ಮೂಲೆಯಲ್ಲಿ ಮೇಡಂ ಬರೆದಿದ್ದರು: ಸೊಸೆಗೆ ಯಾಕೆ ಇಷ್ಟು? ಈ ಮನೆತನದ ರಕ್ತವಲ್ಲವಲ್ಲ! ಆಗ ಮಾತ್ರೆ ಬರೆದುಕೊಟ್ಟಿದ್ದರು. "ನಾ ಎಣ್ಣಿ ತುಪ್ಪ ಎಲ್ಲಿ ತಿನ್ನತೇನ್ರಿ?" ಎಂದು ಅವಳು ತಿಂಗಳಿಗೇ ನಿಲ್ಲಿಸಿದ್ದಳು.

ಯುಹಾ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿದ. ಆಮೇಲೆ ಇನ್ನೊಂದು ತೆರೆದ. ಇನ್ನೂರಾ ಮೂರು, ಮಮದಾಪುರದ ಅಣ್ಣತಮ್ಮಂದಿರ ಗುಳಿಗಳ ಜೊತೆ ಒಡಹುಟ್ಟಿನ ಹಾಗೆ ಹೊಂದುತ್ತಿತ್ತು. ನಲವತ್ತೊಂದೂ ಅಷ್ಟೇ ಹೊಂದುತ್ತಿತ್ತು. "ನಿಯಮದಂತೆ ನಾನು ಎರಡನ್ನೂ ಬಿಸಾಡಿದ್ದರೆ ಈಕೆಗೆ ಉತ್ತರವೇ ಸಿಗುತ್ತಿರಲಿಲ್ಲ" ಎಂದ. ಎರಡು ಸಲ ತೋಳು ಚಾಚಿದವಳಿಗೆ ಒಂದೂ ಉತ್ತರವಿಲ್ಲ!

ಹನ್ನೊಂದೂವರೆಗೆ ಅವನು ಎರಡೂ ಚುಕ್ಕೆಗಳನ್ನು ಹಸಿರು ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, ಕಣ್ಣಿಟ್ಟು ನೋಡಿ, "ಆಂತೇಕ್ಸಿ" ಎಂದ. ಅವರ ಭಾಷೆಯಲ್ಲಿ ಕ್ಷಮಿಸಿ ಎಂದು. ಒಂದೇ ಶಬ್ದ, ಅದರ ಹಿಂದೆ ಮುಂದೆ ಏನೂ ಇಲ್ಲ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಕಾಫಿಯ ಹೊತ್ತಿಗೆ ಉಳಿದ ಖಡಕ್ ರೊಟ್ಟಿಗಳನ್ನೆಲ್ಲ ಮೇಜಿಗೆ ಸುರಿದೆ. ತಮ್ಮ ರೈ ಧಾನ್ಯದ ಹಪ್ಪಳದಂಥ ಬ್ರೆಡ್ಡಿನ ತಂಗಿ ಇದು ಎಂದು ಎಲ್ಲರೂ ಬೆಣ್ಣೆ ಹಚ್ಚಿ ತಿಂದರು. ಆ ದಿನ ಅವರು ಮಾತಾಡಿದರು ಕೂಡ. ನಿಮ್ಮ ಹೆಸರು ಬದಲಾಗಲಿಲ್ಲವೇ, ಯಾರು ಇಟ್ಟರು, ಏನರ್ಥ ಎಂದು ಒಬ್ಬೊಬ್ಬರೂ ಕೇಳಿದರು. ಬೀಳ್ಕೊಡುವಾಗ ಐಲಾ ಕೈಕುಲುಕಲು ಕೈ ಚಾಚಿದರು. ನಾನು ತೆಕ್ಕೆಗೆ ಎಳೆದುಕೊಂಡೆ. ಕಟ್ಟಿಗೆಯ ಹಾಗೆ ನಿಂತರು, ಆಮೇಲೆ ನಿಧಾನಕ್ಕೆ ನನ್ನ ಬೆನ್ನು ಎರಡು ಸಲ ತಟ್ಟಿದರು.

ತಿಕೋಟಾ

ಪೂರಾ ಫಲಿತಾಂಶ ಬಂದು, ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಹಂಚಲು ಹೊರಡುವ ಹೊತ್ತಿಗೆ ಬಿರುಬೇಸಿಗೆ. ಮೊದಲು ಹೋದದ್ದು ಸವಿತಾಳ ಮನೆಗೆ. ಜಗಲಿಯ ಮೇಲೆ ಮೇಡಂ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ದೋಷ ಅವಳಿಗೆ ಬಂದಿದೆ. ಅವಳ ಅಣ್ಣನಿಗೂ ಇದೆ, ಅವನಿಗೆ ಬೇರೆಯಾಗಿ ಹೇಳಿ, ಅವನ ಒಪ್ಪಿಗೆ ತೆಗೆದುಕೊಂಡೇ ಇವಳಿಗೆ ತಿಳಿಸಿದ್ದು. ತಿನ್ನುವುದರಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಮಾತ್ರೆ ಬಿಡುವಂತಿಲ್ಲ. ಕಾಗದ ಕೈಗೆ ಕೊಡುವ ಕೆಲಸ ನನ್ನದಾಗಿತ್ತು, ಕೊಟ್ಟೆ.

ಅವಳು ಓದಲಿಲ್ಲ, ಮಡಿಲಲ್ಲಿಟ್ಟುಕೊಂಡಳು. "ಹೊಲದಾಗಿನ ಪಾಲು ಬ್ಯಾಡ ಅಂತ ಅಣ್ಣತಮ್ಮಂದ್ರಿಗೆ ಸಹಿ ಮಾಡಿ ಕೊಟ್ಟೇನ್ರಿ. ಅಪ್ಪನ್ದು ಇದೊಂದ ನನ್ನ ಪಾಲಿಗೆ ಬಂತು ನೋಡ್ರಿ" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೇಡಂ ಅವಳ ಕೈ ಹಿಡಿದುಕೊಂಡರು. ಇನ್ನೊಂದು ಮಾತು ಬಾಕಿ ಇತ್ತು, ಹೇಳುವುದು ಹೇಗೆ ಎಂದು ನಾವಿಬ್ಬರೂ ಒದ್ದಾಡುತ್ತಿದ್ದೆವು. ಅವಳೇ ಹೇಳಿದಳು.

"ನನ್ನ ಮಗಳಿಗೆ ಬಂದೈತೇನು ನೋಡಬೇಕಲ್ರಿ? ಇವತ್ತ ತಗೀರಿ. ಎರಡನೇ ಕ್ಲಾಸ್ ಪೂರೈಸಿ ಮೂರನೇಕ ಹೊಂಟಾಳ, ಅಳೂದಿಲ್ಲ."

ಎರಡು ಜಡೆಯ ಹುಡುಗಿ ಬಂದು ಅವ್ವನ ಪಕ್ಕ ಕೂತು ತೋಳು ಚಾಚಿತು. ನಾನು ಹೊಸ ಫಾರ್ಮು ತೆಗೆದೆ. ಹೆಸರು ಕೇಳಿದೆ. "ಅಂಜಲಿ" ಎಂದಿತು. ಬರೆದೆ. ಹೆಸರಿನ ಕೆಳಗೆ ಮೇಡಂ ಈ ಸಲ ಇನ್ನೊಂದು ಸಾಲು ಅಚ್ಚು ಹಾಕಿಸಿದ್ದರು, ತವರಿನ ಹೆಸರು ಅಥವಾ ಗಂಡನ ಮನೆಯ ಹೆಸರು ಇದ್ದರೆ ಬರೆಯಲು. ಚಿಕ್ಕ ಮಗುವಿಗೆ ಅದು ಯಾಕೆ ಎಂದು ದಾಟಿ ಮುಂದೆ ಹೋಗುತ್ತಿದ್ದೆ.

ಸವಿತಾ ನನ್ನ ಪೆನ್ನಿನ ಮೇಲೆ ಬೆರಳಿಟ್ಟು ತಡೆದಳು. "ಅಕ್ಕಾರ, ಖಾಲಿ ಬಿಡಬ್ಯಾಡ್ರಿ ಅದನ್ನ. ನಾಳೆ ಯಾರರ ತುಂಬತಾರ. ಅಲ್ಲೂ ಅಂಜಲಿ ಅಂತನ ಬರೀರಿ."